ನಾಲ್ಕು ಕೋಣೆ, ಒಂದು ಬಾಗಿಲು

ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ಹಾಕುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಸೊಸೈಟಿಯ ಹುಡುಗರೇ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ. ಆದರೆ ಇಂಥದ್ದೊಂದು ಸಾಧ್ಯವಾದದ್ದು ಹೇಗೆ, ಎರಡನೆಯದಕ್ಕೆ ಮೊದಲು ಜಾಗ ಬಿಟ್ಟವರು ಯಾರು, ಆಮೇಲೆ ಬಾಗಿಲಲ್ಲಿ ಅಡ್ಡ ನಿಂತವರು ಯಾರು ಅನ್ನುವ ಕಥೆಯನ್ನು ಯಾರೂ ಹೇಳುವುದಿಲ್ಲ. ನಾನು ಇಂಜಿನಿಯರ್ ಅಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿ, ಮುಂಬೈಗೆ ವರ್ಗವಾಗಿ, ಇಲ್ಲೇ ಬೇರು ಬಿಟ್ಟವನು. ಆದರೂ ಈ ಕಥೆ ನನಗೆ ಅರ್ಥವಾಗುತ್ತದೆ. ಯಾಕೆಂದರೆ ಇದು ಮೂಲತಃ ಪಾಲುಪಟ್ಟಿ ಮತ್ತು ಬೀಗದ ಕೈಯ ಕಥೆ. ಈ ಎರಡನ್ನೂ ನಾನು ಮೂವತ್ತು ವರ್ಷಕ್ಕೂ ಮೀರಿ ನೋಡಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಎರಡು ಓ.ಎಸ್. ಇದ್ದರೂ ಒಂದು ಹೊತ್ತಿಗೆ ನಡೆಯುವುದು ಒಂದೇ. ಮುಂಬೈ ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮ ಹಿಂದಿನ ತಲೆಮಾರಿನವರು ಹಗಲಿಡೀ ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮಾಡಿಕೊಂಡರು. ಹಗಲು ಬೇರೆ ಶಾಲೆ ನಡೆಯುತ್ತಿದ್ದ ಅದೇ ಕಟ್ಟಡ, ಅದೇ ಬೆಂಚು, ಅದೇ ಕರಿಹಲಗೆ. ರಾತ್ರಿ ಮಾಸ್ತರರೂ ಬೇರೆ, ಭಾಷೆಯೂ ಬೇರೆ. ಹಗಲಿನವರು ಮನೆಗೆ ಹೋದ ಮೇಲೆ ಇವರದ್ದು ಶುರು. ಡ್ಯುಯಲ್ ಬೂಟ್ ಅಂದರೆ ಇಷ್ಟೇ. ಗಣಕಕ್ಕೆ ಕರೆಂಟು ಕೊಟ್ಟ ಕೂಡಲೇ ಇವತ್ತು ಯಾವ ಶಾಲೆ ಅಂತ ತೀರ್ಮಾನಿಸುವ ಒಬ್ಬ ಪ್ಯೂನ್ ಬೇಕು. ಅವನಿಗೆ ಬೂಟ್‌ಲೋಡರ್ ಅಂತ ಹೆಸರು. ಇಡೀ ಚರಿತ್ರೆ ಈ ಪ್ಯೂನ್ ಯಾರ ಮಾತು ಕೇಳುತ್ತಾನೆ ಅನ್ನುವುದರ ಸುತ್ತ ಇದೆ.

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿಯನ್ನು ಬಿಡುಗಡೆ ಮಾಡಿದಾಗ ಗಿರಾಕಿಗೆ ಮೂರು ಆಪರೇಟಿಂಗ್ ಸಿಸ್ಟಮ್‌ಗಳ ಆಯ್ಕೆ ಇತ್ತು ಅಂದರೆ ಇವತ್ತಿನವರು ನಂಬಲಿಕ್ಕಿಲ್ಲ. ಮೈಕ್ರೋಸಾಫ್ಟ್‌ನಿಂದ ಬಂದ ಪಿಸಿ ಡಾಸ್, ಡಿಜಿಟಲ್ ರಿಸರ್ಚ್ ಕಂಪನಿಯ ಸಿಪಿ/ಎಂ-86, ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪಿ-ಸಿಸ್ಟಮ್. ಡಾಸ್‌ಗೆ 40 ಡಾಲರ್, ಸಿಪಿ/ಎಂ-86ಗೆ 240 ಡಾಲರ್. ಸಾಲದ್ದಕ್ಕೆ ಎರಡನೆಯದು ಅಂಗಡಿಗೆ ಬಂದದ್ದೇ ಮರುವರ್ಷ. ಯಾವುದು ಗೆದ್ದಿತು ಅಂತ ಬೇರೆ ಹೇಳಬೇಕಾಗಿಲ್ಲ. ಆಗ ಎಲ್ಲವೂ ಫ್ಲಾಪಿಯ ಮೇಲೆ. ಬೇರೆ ಓ.ಎಸ್. ಬೇಕಾದರೆ ಬೇರೆ ಫ್ಲಾಪಿ ತುರುಕಿದರಾಯಿತು, ಜಗಳವೇ ಇಲ್ಲ.

ಜಗಳಕ್ಕೆ ಜಾಗ ಆದದ್ದು 1983ರ ಮಾರ್ಚ್‌ನಲ್ಲಿ. 10 ಎಂಬಿ ಹಾರ್ಡ್ ಡಿಸ್ಕ್ ಇದ್ದ ಪಿಸಿ ಎಕ್ಸ್‌ಟಿ ಬಂತು, ಜೊತೆಗೆ ಡಾಸ್ 2.0. ಒಂದು ಡಿಸ್ಕನ್ನು ಒಂದೇ ಓ.ಎಸ್.ಗೆ ಬರೆದುಕೊಟ್ಟರೆ ಮಿಕ್ಕವರೆಲ್ಲಿ ಹೋಗಬೇಕು? ಡಿಸ್ಕಿನ ಮೊಟ್ಟಮೊದಲ ಸೆಕ್ಟರ್ ಒಂದನ್ನು ಇದಕ್ಕೆಂದೇ ಮೀಸಲಿಟ್ಟರು. ಅದರ ಅಳತೆ 512 ಬೈಟ್. ಅದರಲ್ಲಿ 446 ಬೈಟ್ ನಮ್ಮ ಪ್ಯೂನಿಗೆ, 64 ಬೈಟ್ ಪಾಲುಪಟ್ಟಿಗೆ, ಕೊನೆಯ 2 ಬೈಟ್ ಸಹಿಗೆ. ಪಾಲುಪಟ್ಟಿಯಲ್ಲಿ ತಲಾ 16 ಬೈಟಿನ ನಾಲ್ಕು ಸಾಲು: ಯಾರ ಪಾಲು ಎಲ್ಲಿಂದ ಶುರು, ಎಷ್ಟು ಅಗಲ, ಯಾವ ಕುಲದ್ದು, ಸದ್ಯ ಯಜಮಾನಿಕೆ ಇದಕ್ಕೆ ಇದೆಯೋ ಇಲ್ಲವೋ. ಗೃಹಸಾಲದ ಕಡತದಲ್ಲಿ ನಾನು ಓದಿದ ಎಷ್ಟೋ ಪಾಲುಪಟ್ಟಿಗಳಲ್ಲಿ ಇಷ್ಟು ಸ್ಪಷ್ಟತೆ ಇರಲಿಲ್ಲ! ನಾಲ್ಕು ಪಾಲು ಅಂದರೆ ನಾಲ್ಕು ಓ.ಎಸ್.ಗೆ ಅವಕಾಶ. ಡಾಸ್ ತಾನು ಒಬ್ಬನೇ ಮನೆಯ ಯಜಮಾನ ಅಂತ ಹೇಳಿಕೊಂಡಿರಲಿಲ್ಲ ಅನ್ನುವುದನ್ನು ಇಲ್ಲಿ ಗಮನಿಸಬೇಕು. ಒಂದು ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆಯಬಹುದಾದಷ್ಟು ಅಕ್ಷರವೂ ಹಿಡಿಸದ ಆ ಸೆಕ್ಟರ್ ಮುಂದಿನ ಸುಮಾರು ಮೂವತ್ತು ವರ್ಷ ಪಿಸಿ ಪ್ರಪಂಚವನ್ನು ಆಳಿತು.

ಇದರ ಪ್ರತ್ಯಕ್ಷ ದರ್ಶನ ನನಗೆ ಆದದ್ದು ಬ್ಯಾಂಕಿನಲ್ಲೇ. 80ರ ದಶಕದಲ್ಲಿ ರಂಗರಾಜನ್ ಸಮಿತಿಯ ಶಿಫಾರಸುಗಳು, ಯೂನಿಯನ್‌ಗಳ ಜೊತೆ ಒಪ್ಪಂದ ಎಲ್ಲ ಆಗಿ, ನಾನು ಸೇರುವ ಹೊತ್ತಿಗೆ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಮೆಷಿನ್ ಬರತೊಡಗಿದ್ದವು. ನಮ್ಮ ಶಾಖೆಯ ಮುಖ್ಯ ಯಂತ್ರದಲ್ಲಿ ಇದ್ದದ್ದು ಝೆನಿಕ್ಸ್, ಅಂದರೆ ಯುನಿಕ್ಸ್‌ನ ಒಂದು ಬಗೆ. ತಮಾಷೆ ನೋಡಿ, ಈ ಝೆನಿಕ್ಸ್ ಹುಟ್ಟಿದ್ದು ಮೈಕ್ರೋಸಾಫ್ಟ್‌ನಲ್ಲಿ; ಆಮೇಲೆ ಎಸ್‌ಸಿಒ ಕಂಪನಿ ಅದನ್ನು ಬೆಳೆಸಿತು. ಯಂತ್ರ ಶುರುವಾದಾಗ ಕಪ್ಪು ಪರದೆಯ ಮೇಲೆ ಬೂಟ್ ಅನ್ನುವ ಪದ, ಮುಂದೆ ಎರಡು ಚುಕ್ಕಿ, ಮತ್ತೆ ಮೌನ. ಸುಮ್ಮನೆ ಎಂಟರ್ ಒತ್ತಿದರೆ ಝೆನಿಕ್ಸ್. ಅಲ್ಲಿ ಡಾಸ್ ಅಂತ ಟೈಪು ಮಾಡಿದರೆ ಡಾಸ್! ನಮ್ಮ ಹೆಡ್ ಕ್ಯಾಷಿಯರ್ ಅದನ್ನು ನೋಡಿ, "ಇದೇನ್ರೀ, ಹಿಂದಿನ ಬಾಗಿಲಿಂದ ಬೇರೆ ಬ್ಯಾಂಕೇ ಇದೆಯಲ್ಲ" ಅಂದಿದ್ದರು. ಹಗಲು ಲೆಡ್ಜರು, ಸಂಜೆ ಡಾಸ್‌ನಲ್ಲಿ ಲೋಟಸ್ 1-2-3 ಹಾಕಿ ಸ್ಟೇಟ್‌ಮೆಂಟು. ಡ್ಯುಯಲ್ ಬೂಟ್ ಅನ್ನುವ ಮಾತು ಕೇಳುವ ಮೊದಲೇ ನಾವು ಅದನ್ನು ಮಾಡುತ್ತಿದ್ದೆವು.

ಅದೇ ಸುಮಾರಿಗೆ ದೂರದ ಹೆಲ್ಸಿಂಕಿಯಲ್ಲಿ ಲೈನಸ್ ಟೊರ್ವಾಲ್ಡ್ಸ್ ಅನ್ನುವ ಹುಡುಗ ಒಂದು 386 ಪಿಸಿ ಕೊಂಡ. 1991ರ ಜನವರಿ. ಪೂರ್ತಿ ದುಡ್ಡಿಲ್ಲ, ಉಳಿದದ್ದು ಕಂತಿನ ಮೇಲೆ (ಇಲ್ಲಿ ನನ್ನೊಳಗಿನ ಬ್ಯಾಂಕಿನವನಿಗೆ ಸ್ವಲ್ಪ ಖುಷಿ). ಡಾಸ್‌ನಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ ಆಟ ಆಡುತ್ತ ಕಾದ. ಕಾದದ್ದು ಪ್ರೊಫೆಸರ್ ಆಂಡ್ರ್ಯೂ ಟನೆನ್‌ಬಾಮ್ ವಿದ್ಯಾರ್ಥಿಗಳಿಗಾಗಿ ಬರೆದಿದ್ದ ಮಿನಿಕ್ಸ್‌ನ ಫ್ಲಾಪಿಗಳಿಗಾಗಿ. ಲಿನಕ್ಸ್ ಬರೆದದ್ದು ಆ ಮಿನಿಕ್ಸ್‌ನೊಳಗೆ ಕೂತು. ಅಂದರೆ ಲಿನಕ್ಸ್ ಹುಟ್ಟುವಾಗಲೇ ಬೇರೆಯವರ ಮನೆಯಲ್ಲಿ ಬಾಡಿಗೆಗಿತ್ತು, ನಾವೆಲ್ಲ ಈ ಊರಿಗೆ ಬಂದ ಹೊಸತರಲ್ಲಿ ಇದ್ದ ಹಾಗೆ.

ಆ ವರ್ಷದ ಕೊನೆಯ ಹೊತ್ತಿಗೆ ಒಂದು ಎಡವಟ್ಟಾಯಿತು. ಮೋಡೆಮ್‌ಗೆ ಫೋನ್ ನಂಬರ್ ಡಯಲ್ ಮಾಡು ಅಂತ ಹೇಳಬೇಕಾದವನು ಆ ಆಜ್ಞೆಯನ್ನು ಹಾರ್ಡ್ ಡಿಸ್ಕಿಗೆ ಕಳಿಸಿದ. ಡಿಸ್ಕು ಪಾಪ, ಫೋನ್ ನಂಬರನ್ನು ಮಿನಿಕ್ಸ್‌ನ ಪಾಲಿನ ಮೇಲೆ ಬರೆದುಕೊಂಡಿತು. ಮಿನಿಕ್ಸ್ ಹೋಯಿತು. ಮತ್ತೆ ಹಾಕುವುದೋ, ಅಥವಾ ಪಕ್ಕದ ಪಾಲಿನಲ್ಲಿ ಅರ್ಧಂಬರ್ಧ ಬೆಳೆದಿದ್ದ ತನ್ನ ಲಿನಕ್ಸನ್ನೇ ನೆಚ್ಚಿಕೊಳ್ಳುವುದೋ? ಅವನು ಲಿನಕ್ಸ್ ಅಂದ. 2001ರಲ್ಲಿ ಬಂದ ತನ್ನ 'ಜಸ್ಟ್ ಫಾರ್ ಫನ್' ಪುಸ್ತಕದಲ್ಲಿ ಅವನೇ ಇದನ್ನು ಹೇಳಿಕೊಂಡಿದ್ದಾನೆ. ಎರಡು ಓ.ಎಸ್. ಹಾಕುವವರಿಗೆ ಇವತ್ತಿಗೂ ಇರುವ ದೊಡ್ಡ ಭಯ ಇದೇ ತಾನೆ, ತಪ್ಪು ಪಾಲಿನ ಮೇಲೆ ಬರೆದುಬಿಡುವುದು!

ಆಮೇಲಿನ ಕೆಲವು ವರ್ಷ ಪ್ಯೂನ್‌ಗಳ ಸುಗ್ಗಿ. 1992ರಲ್ಲಿ ಐಬಿಎಂ ತನ್ನ ಓಎಸ್/2 2.0 ಜೊತೆ ಬೂಟ್ ಮ್ಯಾನೇಜರ್ ಕೊಟ್ಟಿತು. 1993ರ ವಿಂಡೋಸ್ ಎನ್‌ಟಿಗೂ ತನ್ನದೇ ಮೆನು ಇತ್ತು. ಲಿನಕ್ಸಿನವರಿಗೆ ಲಿಲೋ ಬಂತು. ಲಿಲೋ ವಿಚಿತ್ರ ಪ್ರಾಣಿ. ಒಂದೊಂದು ಹಂತ ದಾಟಿದಾಗಲೂ ತನ್ನ ಹೆಸರಿನ ಒಂದೊಂದು ಇಂಗ್ಲಿಷ್ ಅಕ್ಷರ ತೋರಿಸುತ್ತಿತ್ತು. ನಾಲ್ಕೂ ಬಂದರೆ ಬಚಾವ್. ಎರಡು ಬಂದು ನಿಂತರೆ ಆ ಭಾನುವಾರ ಕೈಬಿಟ್ಟಂತೆ. ಆಮೇಲೆ ಬಂದ ಗ್ರಬ್ ಬುದ್ಧಿವಂತ. 1995ರಲ್ಲಿ ಶುರುವಾದ ಇದು ಡಿಸ್ಕಿನ ಕಡತಗಳನ್ನು ತಾನೇ ಓದಿಕೊಳ್ಳಬಲ್ಲದು, ಲಿಲೋ ಹಾಗೆ ಪ್ರತಿ ಬದಲಾವಣೆಗೂ ಮತ್ತೆ ವಿಳಾಸ ಬರೆದುಕೊಡಬೇಕಾಗಿಲ್ಲ. ಇವತ್ತು ಉಬುಂಟು, ಮಿಂಟ್ ಹಾಕಿದಾಗ ಕಾಣುವ ಮೆನು ಇದರದ್ದೇ ವಂಶ. ವಿಂಡೋಸ್ ತುಂಬಿಕೊಂಡಿದ್ದ ಡಿಸ್ಕಿನಲ್ಲಿ ಜಾಗ ಬಿಡಿಸಲು ಆಗ ಫಿಪ್ಸ್ ಅನ್ನುವ ಪುಟ್ಟ ಪುಕ್ಕಟೆ ತಂತ್ರಾಂಶ ಇತ್ತು. ಮೊದಲು ಡೀಫ್ರಾಗ್ ಮಾಡಿ ಸಾಮಾನನ್ನೆಲ್ಲ ಒಂದು ಮೂಲೆಗೆ ಸರಿಸು, ಆಮೇಲೆ ಖಾಲಿ ಜಾಗಕ್ಕೆ ಗೋಡೆ ಎಬ್ಬಿಸು. ಒಂದೇ ಖೋಲಿಯಲ್ಲಿ ಸಂಸಾರ ಮಾಡಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ನಮ್ಮಲ್ಲಿಗೆ ಲಿನಕ್ಸ್ ತಲುಪಿದ್ದು ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಗಳ ಮೂಲಕ. ಪಿಸಿ ಕ್ವೆಸ್ಟ್ ಪತ್ರಿಕೆಯ ಲಿನಕ್ಸ್ ಸಿಡಿಗಾಗಿ ಸ್ಟೇಷನ್ ಹೊರಗಿನ ಪೇಪರಿನವನಿಗೆ ಮುಂಚೆಯೇ ಹೇಳಿಡುತ್ತಿದ್ದವರು ನಮ್ಮ ಲೋಕಲ್ ಡಬ್ಬಿಯಲ್ಲೇ ಇಬ್ಬರಿದ್ದರು. 2004ರ ಅಕ್ಟೋಬರ್‌ನಲ್ಲಿ ಉಬುಂಟು ಬಂದ ಮೇಲಂತೂ ಕೇಳಿದವರ ಮನೆಗೆ ಸಿಡಿಯನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿದ್ದರು. 2011ರಲ್ಲಿ ಅದು ನಿಂತಿತು.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಭಾಗಕ್ಕೆ ಬರುತ್ತೇನೆ. ಮೇಲೆ ಹೇಳಿದ್ದೆಲ್ಲ ಸ್ವಂತ ಕೈಯಾರೆ ಎರಡನೆಯ ಓ.ಎಸ್. ಹಾಕಿಕೊಳ್ಳುವ ಹುಡುಗರ ಕಥೆ. ಅಂಗಡಿಯಿಂದ ತರುವಾಗಲೇ ಎರಡೂ ಇರುವ ಪಿಸಿ ಯಾಕೆ ಸಿಗಲಿಲ್ಲ? ತಂತ್ರಜ್ಞಾನದ ಅಡ್ಡಿ ಏನೂ ಇರಲಿಲ್ಲ. ನಾಲ್ಕು ಕೋಣೆ 1983ರಿಂದಲೂ ಖಾಲಿ ಇದ್ದವು.

ಆಪಲ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಜಾನ್ ಲೂಯಿ ಗಾಸೆ 1990ರಲ್ಲಿ ಬಿ ಅನ್ನುವ ಕಂಪನಿ ಕಟ್ಟಿದರು. ಬಿಓಎಸ್ ಅಂತ ಚುರುಕಾದ ಓ.ಎಸ್. ಮಾಡಿದರು. ವಿಂಡೋಸ್ ತೆಗೆಯಿರಿ ಅಂತ ಅವರು ಯಾರಿಗೂ ಹೇಳಲಿಲ್ಲ. ಪಕ್ಕದಲ್ಲಿ ಸ್ವಲ್ಪ ಜಾಗ ಕೊಡಿ ಅಂದರು. ಪಿಸಿ ಶುರುವಾಗುವಾಗ ಗಿರಾಕಿಗೆ ಕಾಣುವಂತೆ ತಮ್ಮ ಓ.ಎಸ್. ಇಟ್ಟರೆ ಅದನ್ನು ಪುಕ್ಕಟೆ ಕೊಡುತ್ತೇವೆ ಅಂತಲೂ ಪಿಸಿ ತಯಾರಕರಿಗೆ ಹೇಳಿದರು. ಪುಕ್ಕಟೆ ಕೊಟ್ಟರೂ ತಗೊಳ್ಳುವವರಿಲ್ಲ! ಕಡೆಗೆ ಜಪಾನಿನಲ್ಲಿ ಹಿಟಾಚಿ ಒಪ್ಪಿ, ವಿಂಡೋಸ್ ಮತ್ತು ಬಿಓಎಸ್ ಎರಡೂ ಇರುವ ಪಿಸಿ ಮಾರಿತು. ಆದರೆ ಶುರುವಾಗುವಾಗ ಮೆನು ಇಲ್ಲ. ಡಿಸ್ಕಿನಲ್ಲಿ ಬಿಓಎಸ್ ಇದೆ, ಅದಕ್ಕೆ ಹೋಗುವ ದಾರಿ ಕಾಣುವುದಿಲ್ಲ. ಕೊಂಡವನು ಬಿ ಕಂಪನಿಯ ಜಾಲತಾಣಕ್ಕೆ ಹೋಗಿ ಬಚ್ಚಿಟ್ಟದ್ದನ್ನು ಹೊರತೆಗೆಯುವ ವಿಧಾನ ಓದಿಕೊಳ್ಳಬೇಕು. ಕಾರಣ, ಪಿಸಿ ತಯಾರಕರು ಮೈಕ್ರೋಸಾಫ್ಟ್ ಜೊತೆ ಮಾಡಿಕೊಳ್ಳುತ್ತಿದ್ದ ಲೈಸೆನ್ಸ್ ಕರಾರು. ಅದರಂತೆ ಯಂತ್ರ ಮೊದಲಿಗೆ ನೇರ ವಿಂಡೋಸ್‌ಗೇ ಹೋಗಬೇಕು, ಮಧ್ಯೆ ಬೇರೆ ಮೆನು ತೋರಿಸುವಂತಿಲ್ಲ. ಕರಾರು ಗುಟ್ಟಿನದ್ದು. ಸಾಲಪತ್ರದ ಸಣ್ಣ ಅಕ್ಷರ ಓದಿ ಅಭ್ಯಾಸವಿರುವ ನನಗೂ ಇದು ಜಾಣತನದ ಪರಮಾವಧಿ ಅನ್ನಿಸಿತು. ಎದುರಾಳಿಯ ಸರಕನ್ನು ಕೆಟ್ಟದ್ದು ಅನ್ನಬೇಕಾಗಿಲ್ಲ, ನಿಷೇಧಿಸಬೇಕಾಗಿಲ್ಲ. ಬಾಗಿಲಲ್ಲಿ ಅವನ ಹೆಸರಿನ ಫಲಕ ಇಲ್ಲದಂತೆ ನೋಡಿಕೊಂಡರೆ ಸಾಕು.

ಬಿ ಕಂಪನಿಯ ಆಸ್ತಿಯನ್ನು 2001ರಲ್ಲಿ ಪಾಮ್ ಕಂಪನಿ 1.1 ಕೋಟಿ ಡಾಲರ್‌ಗೆ ಕೊಂಡಿತು. ಉಳಿದ ಬಿ 2002ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿತು. 2003ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತಪ್ಪು ಒಪ್ಪಿಕೊಳ್ಳದೆಯೇ 2.325 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಷ್ಟರಲ್ಲಿ ಗಿರಾಕಿಗಳೂ ಇಲ್ಲ, ಸರಕೂ ಇಲ್ಲ. ಖಾತೆ ಮುಚ್ಚಿದ ಮೇಲೆ ಬಡ್ಡಿ ಜಮಾ ಆದ ಹಾಗೆ.

ಇದೇ ಹೊತ್ತಿಗೆ ಅಮೆರಿಕ ಸರ್ಕಾರ ಮೈಕ್ರೋಸಾಫ್ಟ್ ಮೇಲೆ ಹೂಡಿದ್ದ ಏಕಸ್ವಾಮ್ಯದ ಮೊಕದ್ದಮೆ ಮುಗಿಯುತ್ತ ಬಂದಿತ್ತು. ಅದರ ಸುದ್ದಿ ಬರೆದವರೆಲ್ಲ ಬ್ರೌಸರ್ ಜಗಳದ ಬಗ್ಗೆಯೇ ಬರೆದರು. 2002ರ ನವೆಂಬರ್‌ನ ಅಂತಿಮ ತೀರ್ಪಿನಲ್ಲಿ ಇನ್ನೊಂದು ಸಾಲೂ ಇದೆ. ವಿಂಡೋಸ್ ಶುರುವಾಗುವ ಮೊದಲೇ ಬೇರೆ ಓ.ಎಸ್. ಆರಿಸಿಕೊಳ್ಳುವ ಅವಕಾಶವನ್ನು, ಅಥವಾ ಮೈಕ್ರೋಸಾಫ್ಟ್‌ನದ್ದಲ್ಲದ ಬೂಟ್‌ಲೋಡರನ್ನು ಪಿಸಿ ತಯಾರಕರು ಗಿರಾಕಿಗೆ ಕೊಟ್ಟರೆ ಮೈಕ್ರೋಸಾಫ್ಟ್ ಅಡ್ಡಿ ಮಾಡುವಂತಿಲ್ಲ ಅಂತ. ನಮ್ಮ ಪ್ಯೂನ್ ಅಮೆರಿಕದ ಕೋರ್ಟಿನ ತೀರ್ಪಿನಲ್ಲಿ ಜಾಗ ಗಿಟ್ಟಿಸಿದ! ಆದರೆ ಅಷ್ಟರಲ್ಲಿ ಅಂಗಡಿಗಳಲ್ಲಿ ಎರಡು ಓ.ಎಸ್. ಕೇಳುವವರು ಉಳಿದಿರಲಿಲ್ಲ. ಆ ತೀರ್ಪಿನ ಅವಧಿ 2011ರ ಮೇ ತಿಂಗಳಲ್ಲಿ ಮುಗಿಯಿತು.

ಕನ್ನಡದ ಮಾತು ಇಲ್ಲಿ ಬರಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ಓ.ಎಸ್. ಇರುವುದಕ್ಕೆ ಕಾರಣವೇ ಕನ್ನಡ. 2016ರಲ್ಲಿ ಕೊಂಡದ್ದು, ಗಟ್ಟಿಮುಟ್ಟಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಇದಕ್ಕೆ ನಡೆಯುವುದಿಲ್ಲ, ಪ್ರೊಸೆಸರ್ ಹಳೆಯದಂತೆ. ಹಾಗಾದರೆ ವಿಂಡೋಸ್ ಅಳಿಸಿ ಪೂರ್ತಿ ಲಿನಕ್ಸ್ ಹಾಕಬಹುದಿತ್ತಲ್ಲ ಅಂತೀರಿ. ನಮ್ಮ ಕನ್ನಡ ಸಂಘದ ಹದಿನೈದು ವರ್ಷದ ನಡಾವಳಿ, ಸ್ಮರಣ ಸಂಚಿಕೆಗಳ ಲೇಖನಗಳು, ತೀರಿಹೋದ ಹಿರಿಯರು ಕೈಯಲ್ಲಿ ಬರೆದುಕೊಟ್ಟದ್ದನ್ನು ನಾವು ಟೈಪು ಮಾಡಿಟ್ಟ ನೆನಪುಗಳು ಎಲ್ಲ ಇರುವುದು ಹಳೆಯ ನುಡಿ ಮತ್ತು ಬರಹ ಅಕ್ಷರಗಳಲ್ಲಿ. ಆ ಕಾಲದ ಕನ್ನಡ ಅಂದರೆ ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ. ಫಾಂಟು ತೆಗೆದರೆ ವೇಷ ಕಳಚುತ್ತದೆ. ಹಳೆಯ ನುಡಿಯಲ್ಲಿ ಟೈಪಿಸಿದ 'ಕನ್ನಡ' ಎಂಬ ಪದ ಫಾಂಟಿಲ್ಲದ ಗಣಕದಲ್ಲಿ ಹೇಗೆ ಕಾಣುತ್ತದೆ ಗೊತ್ತೆ? ನಕಾರದ ಜಾಗದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ! ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ವಿಂಡೋಸ್‌ನಲ್ಲಿ ಅದು ಕಣ್ಣಿಗೆ ಕಂಡದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ರೂಪದಲ್ಲಿ. ಅದಕ್ಕೂ ಸೆಟ್ಟಿಂಗ್ಸ್‌ನಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಿ, ಎಕ್ಸ್‌ಪಿ ಸಿಡಿ ತುರುಕಬೇಕಿತ್ತು. ಲಿನಕ್ಸಿಗೆ ಕೇದಗೆ, ಮಲ್ಲಿಗೆ, ಆಮೇಲೆ ರೆಡ್ ಹ್ಯಾಟ್‌ನವರ ಲೋಹಿತ್ ಫಾಂಟುಗಳು ಬಂದವು. ಹಾಗಾಗಿ ಹೊಸದನ್ನು ಎರಡೂ ಕಡೆ ಓದಬಹುದು. ಹಳೆಯ ಕಡತಗಳನ್ನು ಆ ತಂತ್ರಾಂಶಗಳ ಸಮೇತ ತೆರೆದು, ಯೂನಿಕೋಡ್‌ಗೆ ಪರಿವರ್ತಿಸಿ, ಒಂದೊಂದನ್ನೂ ಮೂಲದೊಡನೆ ತಾಳೆ ನೋಡಲು ವಿಂಡೋಸ್ ಬೇಕೇ ಬೇಕು. ಒತ್ತಕ್ಷರಗಳು ತಪ್ಪಿ ಕೂರುತ್ತವೆ. ಅದಕ್ಕೇ ಇಂಟರ್‌ನೆಟ್ ಇಲ್ಲದ ವಿಂಡೋಸ್ ಒಂದು ಕೋಣೆಯಲ್ಲಿ, ದಿನನಿತ್ಯದ ಮಿಂಟ್ ಇನ್ನೊಂದರಲ್ಲಿ. ಮಿಂಟ್‌ನ ಕೀಲಿಮಣೆ ಪಟ್ಟಿಯಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸ ಕಗಪ ಎಂಬ ಹೆಸರಿನಲ್ಲಿ ತಾನಾಗಿಯೇ ಇದೆ, ಬೆರಳಿಗೆ ಹೊಸ ಅಭ್ಯಾಸ ಬೇಕಾಗಲಿಲ್ಲ.

ಮತ್ತೆ ಬಾಗಿಲಿಗೆ ಬರೋಣ. 512 ಬೈಟಿನ ಆ ಹಳೆಯ ಪಾಲುಪಟ್ಟಿಗೆ 2 ಟೆರಾಬೈಟಿನಿಂದಾಚೆ ಎಣಿಸಲು ಬರುವುದಿಲ್ಲ. ಅದರ ಬದಲಿಗೆ ಯುಇಎಫ್‌ಐ ಬಂತು. ಪಾಲುಗಳು ಸಾಮಾನ್ಯವಾಗಿ 128ರ ತನಕ. ಪ್ರತಿ ಓ.ಎಸ್.ನ ಪ್ಯೂನಿಗೂ ಒಂದು ಹಂಚಿಕೊಂಡ ಪಾಲಿನಲ್ಲಿ ಪ್ರತ್ಯೇಕ ಫೋಲ್ಡರು. ಹಿಂದೆಲ್ಲ ವಿಂಡೋಸ್ ಮತ್ತೆ ಹಾಕಿದರೆ ಲಿನಕ್ಸಿನ ಪ್ಯೂನನ್ನು ಅಳಿಸಿಬಿಡುತ್ತಿತ್ತು, ಆ ಕಾಟ ಬಹುಮಟ್ಟಿಗೆ ತಪ್ಪಿತು. ಆದರೆ ಅದರ ಜೊತೆ ಸೆಕ್ಯೂರ್ ಬೂಟ್ ಬಂತು. ಬಾಗಿಲು ದಾಟುವ ಪ್ರತಿ ಪ್ಯೂನಿಗೂ ಮಾನ್ಯವಾದ ಸಹಿ ಇರಬೇಕು. ವೈರಸ್ಸುಗಳು ಓ.ಎಸ್.ಗಿಂತ ಮೊದಲೇ ಹೊಕ್ಕುಬಿಡದಂತೆ ಈ ಕಾವಲು, ಕಾರಣ ಸರಿಯಾದದ್ದೇ. ಬ್ಯಾಂಕ್ ಲಾಕರ್ ನೆನಪಿಸಿಕೊಳ್ಳಿ. ಒಳಗಿರುವ ಒಡವೆ ನಿಮ್ಮದು, ಒಂದು ಕೈ ನಿಮ್ಮದು, ಆದರೂ ಬ್ಯಾಂಕಿನ ಮಾಸ್ಟರ್ ಕೀ ತಿರುಗದೆ ತೆರೆಯುವುದಿಲ್ಲ. ಇಲ್ಲಿ ಬಹುತೇಕ ಎಲ್ಲ ಪಿಸಿಗಳಲ್ಲಿ ಮೊದಲೇ ಕೂರಿಸಿ ಬರುವ ಮಾಸ್ಟರ್ ಕೀ ಮೈಕ್ರೋಸಾಫ್ಟ್‌ನದ್ದು.

2011ರ ಸೆಪ್ಟೆಂಬರ್‌ನಲ್ಲಿ ಮ್ಯಾಥ್ಯೂ ಗ್ಯಾರೆಟ್ ಎಂಬ ಲಿನಕ್ಸ್ ತಜ್ಞರು ಹೀಗಾದರೆ ಲಿನಕ್ಸ್ ಗತಿ ಏನು ಅಂತ ಬರೆದಾಗ ಗಲಾಟೆಯೇ ಎದ್ದಿತು. ಕೋರ್ಟಿನ ಅವಧಿ ಮುಗಿದು ನಾಲ್ಕು ತಿಂಗಳು ಅಷ್ಟೆ. ಕಾಕತಾಳೀಯ ಅಂತಲೇ ಇಟ್ಟುಕೊಳ್ಳೋಣ. 2012ರ ವಿಂಡೋಸ್ 8ರ ಕಾಲಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಪಿಸಿಗಳಲ್ಲಿ ಸೆಕ್ಯೂರ್ ಬೂಟ್ ಆರಿಸುವ ಅವಕಾಶ ಇರಲೇಬೇಕು ಅಂತ ತಯಾರಕರಿಗೆ ವಿಧಿಸಿತು. ಎಆರ್‌ಎಂ ಯಂತ್ರಗಳಿಗೆ ಆ ಅವಕಾಶ ಕೊಡಲಿಲ್ಲ. ಲಿನಕ್ಸಿನವರು ಶಿಮ್ ಅನ್ನುವ ಪುಟ್ಟ ತಂತ್ರಾಂಶ ಬರೆದು ಅದಕ್ಕೆ ಮೈಕ್ರೋಸಾಫ್ಟ್ ಸಹಿ ಹಾಕಿಸಿಕೊಂಡರು. ಶಿಮ್ ಒಳಗೆ ಹೋಗಿ ಗ್ರಬ್ ಕೈ ಹಿಡಿದು ಕರೆದುಕೊಳ್ಳುತ್ತದೆ. ಲಿನಕ್ಸ್ ಬಳಗ ಮೈಕ್ರೋಸಾಫ್ಟ್ ಜಾಮೀನಿನ ಮೇಲೆ ಮನೆಯೊಳಗೆ ಬರುತ್ತಿದೆ ಅಂದರೆ ಕೆಲವರಿಗೆ ಸಿಟ್ಟು. ನನಗೆ ಅನ್ನಿಸುವುದು, ಜಾಮೀನು ಸಿಗುವವರೆಗೆ ಪರವಾಗಿಲ್ಲ, ಜಾಮೀನುದಾರ ಒಬ್ಬನೇ ಇರುವುದು ಮಾತ್ರ ಒಳ್ಳೆಯ ಸಾಲಪದ್ಧತಿ ಅಲ್ಲ. ಇದರ ರುಚಿ 2024ರ ಆಗಸ್ಟ್ 13ರಂದು ಸಿಕ್ಕಿತು. ಹಳೆಯ, ದೋಷವಿದ್ದ ಶಿಮ್‌ಗಳನ್ನು ತಡೆಯುವ ವಿಂಡೋಸ್ ಅಪ್‌ಡೇಟ್ ಒಂದು ಬಂತು. ಎರಡು ಓ.ಎಸ್. ಇರುವ ಯಂತ್ರಗಳನ್ನು ಮುಟ್ಟುವುದಿಲ್ಲ ಅಂತ ಹೇಳಿದ್ದರೂ ಎಷ್ಟೋ ಜನರ ಲಿನಕ್ಸ್ ಬಾಗಿಲಲ್ಲೇ ನಿಂತುಬಿಟ್ಟಿತು. ಮೈಕ್ರೋಸಾಫ್ಟ್ ಅದನ್ನು ಪೂರ್ತಿ ಸರಿಪಡಿಸಿದ್ದು 2025ರ ಮೇ ತಿಂಗಳಲ್ಲಿ.

ಮಾಡಹೊರಟವರಿಗೆ ಎರಡು ಮಾತು. ಬಿಟ್‌ಲಾಕರ್ ಚಾಲೂ ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಡಿ, ಬಾಗಿಲು ಬದಲಾದದ್ದನ್ನು ಕಂಡು ಅದು ಕೇಳುತ್ತದೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆರಿಸಿ. ಅದು ಇದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ, ಅದರ ಕಡತಗಳನ್ನು ಲಿನಕ್ಸಿನಿಂದ ಬದಲಿಸಲು ಹೋದರೆ ತೊಂದರೆ. ಮುಖ್ಯ ಕಡತಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇರಲಿ ಅಂತ ಬ್ಯಾಂಕಿನವನು ಬೇರೆ ಹೇಳಬೇಕೆ?

ಇನ್ನು ಗಡಿಯಾರ. 1984ರ ಪಿಸಿ ಎಟಿಯಿಂದ ಪಿಸಿಗಳೊಳಗೆ ಬ್ಯಾಟರಿಯ ಮೇಲೆ ಓಡುವ ಗಡಿಯಾರ ಇದೆ. ಡಾಸ್ ಅದರಲ್ಲಿ ಊರಿನ ಸಮಯ ಇಟ್ಟಿತು, ವಿಂಡೋಸ್ ಅದನ್ನೇ ಮುಂದುವರಿಸಿತು. ಯುನಿಕ್ಸ್ ವಂಶದವರು ಗ್ರೀನಿಚ್ ಸಮಯ ಇಡುವವರು. ಇದು ಯಾವ ಊರಿನ ಸಮಯ ಅಂತ ಆ ಗಡಿಯಾರದಲ್ಲಿ ಬರೆದಿರುವುದಿಲ್ಲ. ಹಾಗಾಗಿ ಲಿನಕ್ಸಿನಿಂದ ವಿಂಡೋಸ್‌ಗೆ ಬಂದರೆ ಬೆಳಿಗ್ಗೆ 10 ಗಂಟೆಗೆ 4:30 ತೋರಿಸುತ್ತದೆ. ವಿಂಡೋಸ್‌ನಿಂದ ಲಿನಕ್ಸಿಗೆ ಹೋದರೆ ಮಧ್ಯಾಹ್ನ 3:30. ಸರಿಯಾಗಿ ಐದೂವರೆ ಗಂಟೆ. ಲಿನಕ್ಸಿಗೆ ನೀನೂ ಊರಿನ ಸಮಯವನ್ನೇ ಇಡು ಅಂತ ಒಂದು ಸಾಲಿನ ಆಜ್ಞೆ ಕೊಟ್ಟರೆ ಆಯಿತು. ನಮ್ಮ ಮುಂಬೈಯಲ್ಲೂ 1906ರಲ್ಲಿ ಭಾರತೀಯ ಕಾಲಮಾನ ಬಂದ ಮೇಲೆ ಬಾಂಬೆ ಟೈಮ್ ಅಂತ 39 ನಿಮಿಷ ಹಿಂದಿನ ಸಮಯವೊಂದು 1955ರವರೆಗೂ ಜೊತೆಯಲ್ಲೇ ನಡೆದಿತ್ತು. ಆ ಕಾಲದ ಬ್ಯಾಂಕುಗಳು ಕೌಂಟರ್ ಯಾವ ಗಡಿಯಾರ ನೋಡಿ ಮುಚ್ಚುತ್ತಿದ್ದವೋ, ಹಳಬರು ಯಾರಾದರೂ ಸಿಕ್ಕರೆ ಕೇಳಬೇಕು.